ಗ್ರನಾಡಾದ ಅಲ್ಹಂಬ್ರಾ: ಬಾಗಿಲವರೆಗೂ ಹೋಗಿ ವಾಪಸ್ ಬಂದ್ವಿ, ಈ ಸಲ ಅಮ್ಮನಿಗೆ ಒಳಗೆ ತೋರಿಸ್ಬೇಕು

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ, ಈಗ ಕೆಲಸ ಜರ್ಮನಿಯಲ್ಲಿ. ಹೋದ ಅಕ್ಟೋಬರ್‌ನಲ್ಲಿ ಅಮ್ಮ ಬಂದಿದ್ದಾಗ ಸ್ಪೇನಿನ ಗ್ರನಾಡಾಕ್ಕೆ ಹೋಗಿದ್ವಿ, ಅಲ್ಲಿನ ಮುಸ್ಲಿಂ ಸುಲ್ತಾನರ ಗುಡ್ಡದ ಮೇಲಿನ ಕೋಟೆ-ಅರಮನೆ ಅಲ್ಹಂಬ್ರಾ ನೋಡೋಕಂತಲೇ. ಟಿಕೆಟ್ ತಗೊಂಡಿದ್ದು ಒಂದು ಮಧ್ಯವರ್ತಿ ಸೈಟಲ್ಲಿ. "ಅಲ್ಹಂಬ್ರಾ ಪ್ರವೇಶ" ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಕೋಟೆ ನೋಡಿದ್ವಿ, ಹೆನೆರಲೀಫೆ ತೋಟ ನೋಡಿದ್ವಿ, ಕೊನೆಗೆ ಸುಲ್ತಾನರು ವಾಸವಿದ್ದ ನಸ್ರಿದ್ ಅರಮನೆಗಳ ಸಾಲಲ್ಲಿ ನಿಂತ್ವಿ. ಬಾಗಿಲಲ್ಲಿದ್ದ ಹುಡುಗಿ ಸ್ಕ್ಯಾನ್ ಮಾಡಿ ತಲೆ ಅಲ್ಲಾಡಿಸಿದಳು. ನಮ್ಮದು ಬರೀ ತೋಟ ಮತ್ತು ಕೋಟೆಯ ಟಿಕೆಟ್ ಅಂತೆ, ಅರಮನೆಗೆ ಆವತ್ತಿನದ್ದೆಲ್ಲ ಖಾಲಿ. ಅಮ್ಮ ಎದುರಿಗಿದ್ದ ಕಲ್ಲಿನ ಜಗಲಿ ಮೇಲೆ ಕೂತು ಮಂಡಿ ನೀವಿಕೊಳ್ತಾ "ಹೋಗ್ಲಿ ಬಿಡೇ, ಹೊರಗಿಂದ ನೋಡಿದ್ವಲ್ಲ" ಅಂದ್ರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಈ ಏಪ್ರಿಲ್‌ಗೆ ಅಪ್ಪ ಅಮ್ಮ ಇಬ್ಬರೂ ಬರ್ತಿದ್ದಾರೆ. ಈ ಸಲ ತಪ್ಪಬಾರದು. ಟಿಕೆಟ್ ಹೇಗೆ ಮಾಡ್ಸೋದು, ಮಂಡಿ ನೋವಿರೋರಿಗೆ ಯಾವ ದಾರಿ, ಒಳಗೆ ಏನು ನೋಡ್ಬೇಕು, ಅನುಭವ ಇರೋರು ದಯವಿಟ್ಟು ಹೇಳಿ. ಗೆಳತಿಯೊಬ್ಬಳು "ಸೆವಿಲ್ಲೆಯ ಅಲ್ಕಾಸರ್ ಅರಮನೆ ನೋಡಿದ್ರೆ ಸಾಕು, ಎರಡೂ ಒಂದೇ ಥರ" ಅಂತಾಳೆ. ಹೌದಾ?

ಬಿಳಿಗಿರಿ
ಒಂದೇ ಥರ ಖಂಡಿತ ಅಲ್ಲ. ಎರಡನ್ನೂ ನೋಡಿದ್ದೀನಿ.

ಟಿಕೆಟ್ ಅಧಿಕೃತ ಸೈಟಲ್ಲೇ ತಗೊಳ್ಳಿ, ತಿಂಗಳುಗಟ್ಟಲೆ ಮುಂಚೆ. 20 ಯೂರೋ ಆಸುಪಾಸು ಇರುತ್ತೆ. ಅಲ್ಲಿ ನಾಲ್ಕೈದು ಬಗೆ ಟಿಕೆಟ್ ಇರುತ್ತೆ, ಎಲ್ಲದರ ಹೆಸರಲ್ಲೂ ಅಲ್ಹಂಬ್ರಾ ಅಂತ ಇರುತ್ತೆ, ಅಲ್ಲೇ ಎಡವೋದು. ನಿಮಗೆ ಬೇಕಾದ್ದು "ಹೆನೆರಾಲ್" ಅನ್ನೋ ಪೂರ್ತಿ ಟಿಕೆಟ್. ಅದರಲ್ಲಿ ನಸ್ರಿದ್ ಅರಮನೆಗೆ ಒಂದು ಗಂಟೆ-ನಿಮಿಷ ನಮೂದಾಗಿರುತ್ತೆ. ಉಳಿದ ಜಾಗಕ್ಕೆ ಯಾವಾಗ ಬೇಕಾದ್ರೂ ಹೋಗಿ, ಅರಮನೆ ಬಾಗಿಲಿಗೆ ಮಾತ್ರ ಆ ಹೊತ್ತಿಗೆ ಸರಿಯಾಗಿ ಇರ್ಬೇಕು. ಮುಖ್ಯ ಗೇಟಿಂದ ಅಲ್ಲಿಗೆ ಕಾಲು ಗಂಟೆಗೂ ಮೇಲೆ ನಡಿಗೆ. ಅಮ್ಮನ ಜೊತೆ ಅರ್ಧ ಗಂಟೆ ಇಟ್ಕೊಳ್ಳಿ.

ರಾಗಿಮುದ್ದೆ
ಹೆಸರು! ಹೆಸರು ಸರಿಯಾಗಿ ಹಾಕಿ! ಟಿಕೆಟ್‌ನಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರ್ ಎರಡೂ ಇರುತ್ತೆ, ಬಾಗಿಲಲ್ಲಿ ಪಾಸ್‌ಪೋರ್ಟನ್ನೇ ಕೇಳ್ತಾರೆ. ನಮ್ಮಪ್ಪನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾನೆ ಖಾಲಿ, ಇನಿಷಿಯಲ್ ಎಲ್ಲ ಬಿಡಿಸಿ ಒಂದೇ ಉದ್ದ ಹೆಸರು. ಫಾರಂ ಸರ್‌ನೇಮ್ ಇಲ್ಲದೆ ಮುಂದಕ್ಕೇ ಹೋಗಲ್ಲ. ನಾನು ಹೆಸರನ್ನ ಎರಡು ತುಂಡು ಮಾಡಿ ಹಾಕಿದೆ, ನಂಬರ್ ಸರಿ ಇದ್ದಿದ್ದಕ್ಕೆ ಒಳಗೆ ಬಿಟ್ರು. ಮನೇಲಿ ಇಟ್ಟು ಫೋಟೋ ತೋರಿಸ್ತೀನಿ ಅಂದ್ಕೋಬೇಡಿ, ಮೂಲ ಪಾಸ್‌ಪೋರ್ಟ್ ಕೈಲಿರಲಿ.

ಕುಡ್ಲದ ಗಾಳಿ
ಮಂಡಿನೋವಿನವರಿಗೆ ನನ್ನದೊಂದು ಸಲಹೆ ಉಂಟು. ಪೇಟೆಯಿಂದ ನಡೆದು ಹತ್ತುವ ಗೊಮೇರೆಸ್ ದಾರಿ ಮರಗಳ ನಡುವೆ ಚಂದ ಉಂಟು, ಆದ್ರೆ ಏರು ಜಾಸ್ತಿ ಮಾರಾಯ್ರೆ. ಅಮ್ಮನನ್ನು ಅಲ್ಲಿ ಹತ್ತಿಸಬೇಡಿ. ಸಿ30 ಅಂತ ಕೆಂಪು ಬಣ್ಣದ ಸಣ್ಣ ಬಸ್ ಉಂಟು, ಗುಡ್ಡದ ಮೇಲೆಯೇ ಬಿಡ್ತದೆ. ಟಿಕೆಟ್ ಮೊದಲೇ ಕೈಯಲ್ಲಿ ಇದ್ರೆ ಮುಖ್ಯ ಗೇಟಿಗೆ ಹೋಗಬೇಕಂತ ಇಲ್ಲ, ನ್ಯಾಯದ ಬಾಗಿಲು ಅಂತ ದೊಡ್ಡ ಕಮಾನು ಉಂಟು, ಅದರಿಂದ ಒಳಗೆ ಹೋದ್ರೆ ಅರಮನೆ ಹತ್ತಿರ. ತೋಟ ದೂರ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಸಹ್ಯಾದ್ರಿ_44
ಬೇರೆ ಅಭಿಪ್ರಾಯ ಹೇಳ್ತೀನಿ, ಬೇಜಾರಾಗ್ಬೇಡಿ. ಜುಲೈಯಲ್ಲಿ ಹೋಗಿದ್ದೆ. ಸುಡುಬಿಸಿಲು, ಎಲ್ಲಿ ನೋಡಿದ್ರೂ ತಲೆಗಳು, ಪ್ರತಿ ಕಮಾನಿನ ಕೆಳಗೂ ಸೆಲ್ಫಿ. ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದ್ವಿ. ಅದೂ ಅಲ್ಲದೆ ಅಲ್ಲಿರೋದೆಲ್ಲ 19ನೇ ಶತಮಾನದಲ್ಲಿ ಹೊಸದಾಗಿ ಬಳಿದ ಗಾರೆ ಅಂತ ಓದಿದ್ದೀನಿ. ವಯಸ್ಸಾದವರನ್ನ ಅಷ್ಟು ದೂರ ಎಳ್ಕೊಂಡು ಹೋಗ್ಬೇಕಾ?

ಬಿಳಿಗಿರಿ
ಜುಲೈ ಮಧ್ಯಾಹ್ನ ಹೋದ್ರೆ ಎಲ್ಲಿ ಹೋದ್ರೂ ಅದೇ ಕಥೆ ಸಾರ್. ಬೆಳಗ್ಗೆ 8:30ಕ್ಕೆ ತೆರೆಯುತ್ತೆ. ಮೊದಲ ಹೊತ್ತಿನ ಟಿಕೆಟ್ ತಗೊಳ್ಳಿ, ಬೇರೆಯದೇ ಜಾಗ ಅನ್ಸುತ್ತೆ.

ಗಾರೆಗಚ್ಚು
"ಎಲ್ಲ ಹೊಸ ಗಾರೆ" ಅನ್ನೋದು ಸರಿಯಲ್ಲ, ಸುಮ್ಮನಿರೋಕಾಗ್ಲಿಲ್ಲ. ಹಳೇ ಕಟ್ಟಡಗಳ ದುರಸ್ತಿ ನನ್ನ ಕಸುಬು.

19ನೇ ಶತಮಾನದಲ್ಲಿ ಅಲ್ಲಿ ತಪ್ಪು ಕೆಲಸ ನಡೆದಿದ್ದು ನಿಜ. ಅರಮನೆಯೊಳಗೆ ಕಲ್ಲಿನ ಸಿಂಹಗಳು ಹೊತ್ತ ಕಾರಂಜಿ ಇರೋ ಸಿಂಹಗಳ ಅಂಗಳದ ಪೂರ್ವದ ಮಂಟಪಕ್ಕೆ ಯಾವತ್ತೂ ಇಲ್ಲದಿದ್ದ ಗುಮ್ಮಟ ಕೂರಿಸಿ, ಬಣ್ಣದ ಹೆಂಚು ಹೊದಿಸಿದ್ದರು. ಪೂರ್ವದೇಶ ಅಂದ್ರೆ ಹೀಗೇ ಇರ್ಬೇಕು ಅನ್ನೋ ಅವರ ಕಲ್ಪನೆ ಅದು. 1923ರಲ್ಲಿ ಲಿಯೊಪೋಲ್ಡೊ ತೊರೆಸ್ ಬಲ್ಬಾಸ್ ಅನ್ನೋ ವಾಸ್ತುಶಿಲ್ಪಿ ಹೊಣೆ ಹೊತ್ತ ಮೇಲೆ ಅದನ್ನ ಕೀಳಿಸಿ ಸರಳ ಇಳಿಜಾರು ಮಾಡು ಹಾಕಿಸಿದರು. ಊರಲ್ಲಿ ಅದಕ್ಕೆ ದೊಡ್ಡ ಗಲಾಟೆಯೇ ಆಯ್ತು. ಅವರ ನಿಯಮ ಏನಂದ್ರೆ, ಬಿದ್ದುಹೋದ ಕಡೆ ಗೋಡೆ ತುಂಬಿಸು, ಆದ್ರೆ ಹಳೇ ಹೂಬಳ್ಳಿಯ ನಕಲು ಕೆತ್ತಬೇಡ, ನಯವಾಗಿ ಖಾಲಿ ಬಿಡು. ಹಾಗಾಗಿ ಇವತ್ತು ಗೋಡೆ ಮುಂದೆ ನಿಂತ್ರೆ ಯಾವುದು ಹಳೇದು, ಯಾವುದು ತೇಪೆ ಅಂತ ಕಣ್ಣಿಗೇ ಕಾಣುತ್ತೆ. ಕೆತ್ತನೆಯ ಸಂದುಗಳಲ್ಲಿ ಬಗ್ಗಿ ನೋಡಿ, ನೀಲಿ ಬಣ್ಣದ ಚೂರು ಇನ್ನೂ ಅಂಟಿಕೊಂಡಿರುತ್ತೆ. ಈಗ ಕೆನೆಬಣ್ಣವಾಗಿ ಕಾಣೋ ಗೋಡೆಗಳು ಒಂದು ಕಾಲಕ್ಕೆ ನೀಲಿ, ಕೆಂಪು, ಚಿನ್ನದ ಬಣ್ಣದಲ್ಲಿದ್ದವು.

ಇನ್ನೊಂದು, ಸಿಂಹಗಳ ಅಂಗಳದಲ್ಲಿ 124 ಕಂಬ ಇವೆ, ಕಬ್ಬಿನ ಜಲ್ಲೆ ಥರ ಸಪೂರ. ಕಂಬಕ್ಕೂ ಬೋದಿಗೆಗೂ ನಡುವೆ ಸೀಸದ ತೆಳು ಹಾಳೆ ಇಟ್ಟಿದ್ದಾರೆ. ಭೂಕಂಪದ ಸೀಮೆ ಅದು, ಭೂಮಿ ಅಲುಗಿದ್ರೆ ಕಲ್ಲಿಗೆ ಕಲ್ಲು ಉಜ್ಜಿ ಸೀಳಬಾರದು ಅಂತ. ಆರೂವರೆ ಶತಮಾನ ನಿಂತಿವೆ. ನನ್ನಂಥವನಿಗೆ ಆ ಒಂದು ಸಂದು ನೋಡಿದ್ರೆ ಹೋಗಿದ್ದು ಸಾರ್ಥಕ.

ಸಹ್ಯಾದ್ರಿ_44
ಸೀಸದ ವಿಷಯ ಗೊತ್ತಿರ್ಲಿಲ್ಲ. ಒಪ್ಪಿದೆ. ಆದ್ರೂ ಜನಜಂಗುಳಿ ಬಗ್ಗೆ ನನ್ನ ಮಾತು ವಾಪಸ್ ತಗೊಳಲ್ಲ.

ಧಾರವಾಡದ ಮಳಿ
ನಾವೂ ಹೋಗಿದ್ವಿ ನೋಡ್ರಿ, ನಾನು ನಮ್ಮ ಮನಿಯವರು. ಅಬೆನ್ಸರಾಖೆಸ್ ಅಂತ ಒಂದು ಪಡಸಾಲಿ ಅದ. ಅಲ್ಲಿ ಆ ಮನೆತನದ ಗಂಡಸರನ್ನ ಊಟಕ್ಕ ಕರದು ತಲಿ ಕಡದ್ರಂತ, ಆ ರಕ್ತದ ಕಲಿ ಕಾರಂಜಿ ತೊಟ್ಟಿಯೊಳಗ ಇನ್ನೂ ಅದ. ಗೈಡ್ ತೋರಿಸಿದ್ರು. ಕೆಂಪಗ ಹಂಗ ಉಳಿದದ ನೋಡ್ರಿ, ಮೈ ಜುಂ ಅಂತು.

ಗಾರೆಗಚ್ಚು
ಅದು ಕಬ್ಬಿಣದ ಕಿಲುಬು ಅಕ್ಕಾವ್ರೆ. ನೀರಲ್ಲಿ ಬಂದ ಕಬ್ಬಿಣದ ಅಂಶ ಅಮೃತಶಿಲೆಗೆ ಇಳಿದು ಕೆಂಪಾಗಿದೆ. ಕಥೆ ಬಹಳ ಕಾಲದಿಂದ ಇದೆ, ಪ್ರವಾಸಿಗರಿಗೆ ಎಲ್ಲ ಗೈಡ್‌ಗಳೂ ಹೇಳ್ತಾರೆ.

ಧಾರವಾಡದ ಮಳಿ
ಹಂಗಾದ್ರ ಸಿಂಹದ ಕಾರಂಜಿ ಗಡಿಯಾರ ಅನ್ನೋದು? ಒಂದೊಂದು ತಾಸಿಗೆ ಒಂದೊಂದು ಸಿಂಹದ ಬಾಯಾಗ ನೀರು ಬರ್ತಿತ್ತು ಅಂದ್ರಲ್ರೀ?

ಹಳೇಲಿಪಿ
ಅದಕ್ಕೂ ಆಧಾರ ಇಲ್ಲ. ಕಾರಂಜಿ ಏನು ಅಂತ ಕಾರಂಜಿಯೇ ಹೇಳುತ್ತೆ, ಅದರ ತೊಟ್ಟಿಯ ಅಂಚಿನ ಸುತ್ತ ಇಬ್ನ್ ಝಮ್ರಕ್ ಕವಿಯ ಪದ್ಯ ಕೊರೆದಿದೆ. ಗಡಿಯಾರದ ಸುದ್ದಿಯೇ ಅದರಲ್ಲಿಲ್ಲ. ನೀರು ಕರಗಿದ ಬೆಳ್ಳಿಯಂತೆ ಹರಿಯುತ್ತೆ, ಕಲ್ಲೂ ನೀರೂ ಬೇರೆ ಗೊತ್ತಾಗದೆ, ಹರೀತಿರೋದು ಯಾವುದು ಅಂತ ಕಣ್ಣಿಗೆ ಭ್ರಮೆಯಾಗುತ್ತೆ ಅನ್ನೋದು ಅದರ ಭಾವ. ಮುಂದೆ ನಿಂತು ಒಂದು ನಿಮಿಷ ನೋಡಿ, ಪದ್ಯ ನಿಜ ಅನ್ಸುತ್ತೆ.

ಈ ಅರಮನೆಯ ವಿಶೇಷವೇ ಇದು, ಗೋಡೆಗಳು ಮಾತಾಡ್ತವೆ. ಕೆಲವು ಪದ್ಯಗಳಲ್ಲಿ ಗೂಡು, ಕಮಾನು "ನಾನು" ಅಂತಲೇ ಶುರು ಮಾಡುತ್ತೆ. ಇಬ್ನ್ ಅಲ್-ಜಯ್ಯಾಬ್, ಅವನ ಶಿಷ್ಯ ಇಬ್ನ್ ಅಲ್-ಖತೀಬ್, ಅವನ ಶಿಷ್ಯ ಇಬ್ನ್ ಝಮ್ರಕ್, ಮೂವರೂ ಆಸ್ಥಾನದ ಮಂತ್ರಿಗಳು, ಮೂವರೂ ಕವಿಗಳು. ಅದರಲ್ಲಿ ಇಬ್ನ್ ಝಮ್ರಕ್ 1374ರಲ್ಲಿ ತನ್ನ ಗುರುವಿನ ಕೊಲೆಗೇ ಕೈ ಜೋಡಿಸಿದ. ಅಷ್ಟು ನವಿರಾದ ಪದ್ಯ ಬರೆದವನೇ ಹಾಗೆ ಮಾಡಿದ ಅಂತ ತಿಳಿದ ಮೇಲೆ ನನಗೆ ಆ ಗೋಡೆ ಮೊದಲಿನ ಹಾಗೆ ಕಾಣ್ಲಿಲ್ಲ.

ಅರಬ್ಬಿ ಓದೋಕೆ ಬರದಿದ್ರೂ ಒಂದು ಸಾಲಿನ ಆಕಾರ ನೆನಪಿಟ್ಕೊಂಡು ಹೋಗಿ: "ವ ಲಾ ಗಾಲಿಬ ಇಲ್ಲಲ್ಲಾಹ್", ದೇವರಲ್ಲದೆ ಗೆದ್ದವರಿಲ್ಲ. ನಸ್ರಿದ್ ವಂಶದ ಘೋಷವಾಕ್ಯ. ಎಲ್ಲ ಗೋಡೆಯಲ್ಲೂ, ಸಾವಿರಾರು ಸಲ. ಒಮ್ಮೆ ಗುರುತು ಹತ್ತಿದ್ರೆ ಆಮೇಲೆ ಕಣ್ಣು ತಾನೇ ಹುಡುಕುತ್ತೆ.

ಸೆವಿಲ್ಲೆ ಬಗ್ಗೆ ಕೇಳಿದ್ರಲ್ಲ, ಅಲ್ಲಿನ ಅಲ್ಕಾಸರ್‌ನ ಮುಖ್ಯ ಅರಮನೆ ಕಟ್ಟಿಸಿದ್ದು ಕ್ರೈಸ್ತ ದೊರೆ ಮೊದಲನೇ ಪೆದ್ರೊ, 1364ರಲ್ಲಿ. ಅವನಿಗೆ ಗ್ರನಾಡಾದ ಸುಲ್ತಾನ ಐದನೇ ಮುಹಮ್ಮದನ ಜೊತೆ ಸ್ನೇಹ, ಅಲ್ಲಿಂದಲೂ ಕುಶಲಕರ್ಮಿಗಳು ಹೋದರು. ಆ ಕ್ರೈಸ್ತ ಅರಮನೆಯ ಮುಂಭಾಗದಲ್ಲೂ ಇದೇ ಘೋಷವಾಕ್ಯ ನೀಲಿ-ಬಿಳಿ ಹೆಂಚಲ್ಲಿದೆ! ಹಾಗಾಗಿ ಅಕ್ಕತಂಗಿಯರು ಅನ್ನಬಹುದು, ಒಂದೇ ಅನ್ನೋಕಾಗಲ್ಲ. ಸಮಯ ಇದ್ರೆ ಎರಡೂ ನೋಡಿ.

ಗಣಿತಮೇಷ್ಟ್ರು
ಯಾರೂ ಹೆಂಚಿನ ವಿಷಯವೇ ಎತ್ತಲಿಲ್ಲವಲ್ಲ! ಗೋಡೆಯ ಕೆಳಭಾಗದಲ್ಲಿ ಬಣ್ಣದ ಹೆಂಚು ಕತ್ತರಿಸಿ ಜೋಡಿಸಿದ ವಿನ್ಯಾಸಗಳಿವೆ. ಎಂ. ಸಿ. ಎಶರ್ ಅನ್ನೋ ಡಚ್ ಕಲಾವಿದ 1922ರಲ್ಲಿ ಒಮ್ಮೆ, 1936ರಲ್ಲಿ ಮತ್ತೊಮ್ಮೆ ಬಂದು ಕೂತು ಇವನ್ನೇ ನಕಲು ಮಾಡಿಕೊಂಡ. ಅವನ ಹಕ್ಕಿ-ಮೀನು ಒಂದರೊಳಗೊಂದು ಸೇರೋ ಚಿತ್ರಗಳಿಗೆ ಪ್ರೇರಣೆ ಇಲ್ಲಿಂದ. ಸಮತಲದ ಮೇಲೆ ವಿನ್ಯಾಸ ಪುನರಾವರ್ತನೆ ಆಗೋಕೆ ಗಣಿತದಲ್ಲಿ 17 ಬಗೆ ಮಾತ್ರ ಇವೆ. ಹದಿನೇಳೂ ಅಲ್ಹಂಬ್ರಾದಲ್ಲಿವೆಯಾ ಅಂತ ಗಣಿತಜ್ಞರು ಬಹಳ ಕಾಲ ಜಗಳ ಆಡಿದ್ದಾರೆ. ಮಕ್ಕಳನ್ನ ಕರ್ಕೊಂಡು ಹೋಗೋರು ಒಂದು ಕಾಗದ-ಪೆನ್ಸಿಲ್ ಕೊಟ್ಟು, ಯಾವ ಹೆಂಚನ್ನ ತಿರುಗಿಸಿದ್ರೆ ಹಾಗೇ ಕಾಣುತ್ತೆ ಅಂತ ಬರೆಯೋಕೆ ಹೇಳಿ. ನನ್ನ ಮಗಳು ಅರ್ಧ ಗಂಟೆ ಅಲ್ಲಾಡ್ಲಿಲ್ಲ.

ರಾಯಭಾರಿಗಳ ಸಭಾಂಗಣದಲ್ಲಿ ತಲೆ ಎತ್ತಿ ನೋಡೋದು ಮರೀಬೇಡಿ. ಮರದ ಮಾಡು, 8,017 ತುಂಡು ಜೋಡಿಸಿ ಏಳು ಸ್ವರ್ಗಗಳ ನಕ್ಷತ್ರಗಳನ್ನ ಮಾಡಿದ್ದಾರೆ.

ಕುಡ್ಲದ ಗಾಳಿ
ಇಷ್ಟೆಲ್ಲ ಸೂಕ್ಷ್ಮದ ನಡುವೆ ಸ್ಪೇನಿನ ಕ್ರೈಸ್ತ ದೊರೆ ಐದನೇ ಚಾರ್ಲ್ಸ್ ತಂದು ಕೂರಿಸಿದ ಆ ಕಲ್ಲಿನ ಡಬ್ಬಿಯಂಥ ಅರಮನೆ ಎಂತ ಕರ್ಮ! ಹೊರಗಿಂದ ಚೌಕ, ಒಳಗೆ ದುಂಡು ಅಂಗಳ. ಅಲ್ಲಿಗೆ ಅದು ಒಪ್ಪುವುದೇ ಇಲ್ಲ.

ಹಳೇಲಿಪಿ
ಜಾಗ ತಪ್ಪು, ಕಟ್ಟಡ ತಪ್ಪಲ್ಲ. 1526ರಲ್ಲಿ ಮದುವೆಯಾಗಿ ಬಂದು ಅಲ್ಹಂಬ್ರಾದಲ್ಲೇ ತಂಗಿದ್ದ ಚಾರ್ಲ್ಸ್, ಮರುವರ್ಷ ವಾಸ್ತುಶಿಲ್ಪಿ ಪೆದ್ರೊ ಮಚೂಕನ ಕೈಲಿ ಶುರು ಮಾಡಿಸಿದ. ಇಟಲಿಯ ಹೊರಗೆ ಅಷ್ಟು ಶುದ್ಧ ಪುನರುಜ್ಜೀವನ ಕಾಲದ ಶೈಲಿ ಆಗ ಅಪರೂಪ. ಆದ್ರೆ ಅದಕ್ಕೆ ದುಡ್ಡು ಬಂದಿದ್ದು ಮತಾಂತರಗೊಂಡ ಮುಸ್ಲಿಮರಾದ ಮೊರಿಸ್ಕೊಗಳಿಂದ ವಸೂಲಿ ಮಾಡಿದ ಹಣದಿಂದ. 1568ರಲ್ಲಿ ಅವರು ದಂಗೆ ಎದ್ದಾಗ ಹಣವೂ ನಿಂತಿತು, ಕೆಲಸವೂ ನಿಂತಿತು. ಚಾರ್ಲ್ಸ್ ಅದರಲ್ಲಿ ಒಂದು ದಿನವೂ ವಾಸ ಮಾಡ್ಲಿಲ್ಲ. ಮಾಡು ಮುಗಿದಿದ್ದು 20ನೇ ಶತಮಾನದಲ್ಲಿ.

1492 ಜನವರಿ 2ರಂದು ಕೊನೆಯ ಸುಲ್ತಾನ ಬೊಅಬ್ದಿಲ್ ಕ್ರೈಸ್ತ ದೊರೆಗಳಿಗೆ ಊರು ಒಪ್ಪಿಸಿದಾಗ, ನಿಮ್ಮ ಧರ್ಮ ನಿಮಗೆ ಅಂತ ಒಪ್ಪಂದ ಆಗಿತ್ತು. ಹತ್ತು ವರ್ಷದೊಳಗೆ ಅದು ಮುರಿದುಬಿತ್ತು. ಅದೇ 1492ರ ಮಾರ್ಚ್ 31ರಂದು ಯಹೂದಿಗಳನ್ನ ಸ್ಪೇನಿಂದ ಹೊರಹಾಕೋ ಆಜ್ಞೆಗೆ ಸಹಿ ಬಿದ್ದಿದ್ದೂ ಅಲ್ಹಂಬ್ರಾದಲ್ಲೇ. ಚಂದ ನೋಡೋವಾಗ ಇದೂ ಗೊತ್ತಿರ್ಬೇಕು ಅಂತ ನನಗನ್ಸುತ್ತೆ.

ಅಂದಹಾಗೆ ತುಂಗಾತೀರ ಅವರೇ, ನಿಮ್ಮಮ್ಮ ಕೂತ ಕಲ್ಲಿನ ಜಗಲಿ ಅದೇ ಚಾರ್ಲ್ಸ್ ಅರಮನೆಯದ್ದಿರ್ಬೇಕು. ಅದರ ಅಂಗಳಕ್ಕೆ ಟಿಕೆಟ್ ಬೇಡ.

ಹೊನ್ನಾವರದವ
ನಮ್ಮೂರಿಗೂ ಗ್ರನಾಡಾಕ್ಕೂ ಒಂದು ನಂಟಿದೆ, ಯಾರಾದ್ರೂ ಹೇಳ್ತಾರೇನೋ ಅಂತ ಕಾಯ್ತಿದ್ದೆ.

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರದಲ್ಲಿ ಉಳಿದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಇದ್ದವು ಅಂತ ಹೇಳಿದ್ದಾನೆ. ಊಟದ ವಿವರ ಓದಿದ್ರೆ ನಮ್ಮ ಮನೆ ಊಟವೇ: ಅನ್ನ, ತುಪ್ಪ, ಉಪ್ಪಿಗೆ ಹಾಕಿದ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ಮಾವು, ಕೊನೆಗೆ ಮೊಸರು. ಅದೇ ಮನುಷ್ಯ 1350ರಲ್ಲಿ ಗ್ರನಾಡಾಕ್ಕೆ ಹೋದ. ಸುಲ್ತಾನ ಯೂಸುಫ್‌ಗೆ ಹುಷಾರಿಲ್ಲದೆ ಭೇಟಿಯಾಗ್ಲಿಲ್ಲ, ರಾಜಮಾತೆ ಚಿನ್ನದ ನಾಣ್ಯ ಕಳಿಸಿಕೊಟ್ಟಳು. ಅಲ್ಲೊಂದು ತೋಟದಲ್ಲಿ ಅವನು ಹೇಳಿದ ಪ್ರಯಾಣದ ಕಥೆಗಳನ್ನ ಇಬ್ನ್ ಜುಝಯ್ ಅನ್ನೋ ತರುಣ ಕೇಳಿಸ್ಕೊಂಡ. ಕೆಲವು ವರ್ಷದ ನಂತರ ಮೊರಾಕ್ಕೋದ ಫೆಸ್‌ನಲ್ಲಿ ಇಬ್ನ್ ಬತೂತ ಹೇಳ್ತಾ ಹೋದದ್ದನ್ನ ಬರೆದುಕೊಂಡವನು ಅವನೇ. ಅಂದ್ರೆ ನಮ್ಮ ಹೊನ್ನಾವರದ ಅನ್ನ-ತುಪ್ಪವನ್ನ ಬರಹಕ್ಕೆ ಇಳಿಸಿದ್ದು ಗ್ರನಾಡಾದ ಕೈ! ನಾನು ಅಲ್ಹಂಬ್ರಾಕ್ಕೆ ಹೋದಾಗ ನೋಡಿದ್ದಕ್ಕಿಂತ ಇದನ್ನ ನೆನೆಸ್ಕೊಂಡಿದ್ದೇ ಹೆಚ್ಚು.

ಧಾರವಾಡದ ಮಳಿ
ಭಾಳ ಚಲೋ ಹೇಳಿದ್ರಿ. ಇದನ್ನ ನಮ್ಮ ಮನಿಯವರಿಗೆ ಓದಿ ಹೇಳಿದೆ.

ರಾಗಿಮುದ್ದೆ
ವಿಜಯನಗರ ಶುರುವಾಗಿದ್ದು 1336, ಯೂಸುಫ್ ಪಟ್ಟಕ್ಕೆ ಬಂದಿದ್ದು 1333. ಎರಡು ಕಡೆ ಒಂದೇ ಹೊತ್ತಿಗೆ ಕಲ್ಲು ಕೆತ್ತೋ ಸದ್ದು ಕೇಳ್ತಿತ್ತು ಅಂದ್ಕೊಂಡ್ರೆ ಏನೋ ಖುಷಿ.

ಅಡಿಗೆಮನೆ
ಊಟ ಅಂದ್ರಲ್ಲ, ಸಸ್ಯಾಹಾರಿಗಳು ಏನು ಮಾಡ್ತೀರಿ ಅಲ್ಲಿ? ಗ್ರನಾಡಾದಲ್ಲಿ ಕುಡಿಯೋಕೆ ಏನೇ ಹೇಳಿದ್ರೂ ತಪಾಸ್ ಅಂತ ಸಣ್ಣ ತಿಂಡಿ ಪುಕ್ಕಟೆ ಕೊಡ್ತಾರೆ, ಆದ್ರೆ ಬಹಳ ಸಲ ಅದರಲ್ಲಿ ಹಂದಿ ಮಾಂಸ ಇರುತ್ತೆ.

ಬಿಳಿಗಿರಿ
"ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್" ಅಂತ ಮೂರನ್ನೂ ಹೇಳಿ, ಅಂದ್ರೆ ಮಾಂಸ ಬೇಡ, ಮೀನು ಬೇಡ, ಹಮೋನ್ (ಒಣಗಿಸಿದ ಹಂದಿ ಮಾಂಸ) ಬೇಡ. ಬರೀ ಮಾಂಸ ಬೇಡ ಅಂದ್ರೆ ಕೆಲವರು ಹಮೋನ್ ಚೂರು ಉದುರಿಸಿ ತರ್ತಾರೆ. ತಣ್ಣನೆ ಸಾಲ್ಮೊರೇಹೊ ಟೊಮೆಟೊ ಸೂಪಿನ ಮೇಲೂ ಹಾಗೇ ಉದುರಿಸ್ತಾರೆ. "ಬೆರೆನ್ಹೇನಾಸ್ ಕೊನ್ ಮಿಯೆಲ್" ತಗೊಳ್ಳಿ, ಬದನೆಕಾಯಿ ಹೋಳು ಕರಿದು ಮೇಲೆ ಕಬ್ಬಿನ ಕಾಕಂಬಿ ಸುರೀತಾರೆ. ಬಾಳಕದ ಹಾಗೆ ಗರಿಗರಿ.

ಹಳೇಲಿಪಿ
ಆ ಬೆರೆನ್ಹೇನಾ ಅನ್ನೋ ಪದ ಅರಬ್ಬಿಯ ಬಾದಿಂಜಾನ್‌ನಿಂದ, ಅದು ಪಾರ್ಸಿಯಿಂದ, ಅದು ನಮ್ಮ ಕಡೆಯಿಂದ ಹೋದದ್ದು. ಮೂಲ ದ್ರಾವಿಡದ್ದು, ನಮ್ಮ "ಬದನೆ"ಗೆ ಬಳಗ ಅಂತ ಭಾಷಾತಜ್ಞರು ಹೇಳ್ತಾರೆ. ಸಕ್ಕರೆಗೆ ಅವರು "ಅಸೂಕಾರ್" ಅನ್ನೋದೂ ಅದೇ ದಾರಿಯಲ್ಲಿ ಹೋದ ಶರ್ಕರವೇ. ಗ್ರನಾಡಾ ಅಂದ್ರೆ ಸ್ಪ್ಯಾನಿಷ್‌ನಲ್ಲಿ ದಾಳಿಂಬೆ, ಊರಿನ ಲಾಂಛನದಲ್ಲೂ ಅದೇ ಇದೆ.

ಗಾರೆಗಚ್ಚು
ವಿಷಯಕ್ಕೆ ವಾಪಸ್ ಬರೋಣ. ನೀರಿನ ಬಗ್ಗೆ ಹೇಳಲೇಬೇಕು. ಗುಡ್ಡದ ಮೇಲೆ ಅಷ್ಟು ಕಾರಂಜಿ, ಕೊಳಕ್ಕೆ ನೀರೆಲ್ಲಿಂದ? ದಾರ್ರೊ ಹೊಳೆಯನ್ನ ಸುಮಾರು 6 ಕಿಲೋಮೀಟರ್ ಮೇಲ್ಗಡೆ ಕಟ್ಟೆ ಹಾಕಿ ತಿರುಗಿಸಿ, ಗುಡ್ಡದ ಓರೆಯಲ್ಲಿ ಕಾಲುವೆ ತಂದಿದ್ದಾರೆ. 13ನೇ ಶತಮಾನದ ಕೆಲಸ. ಅದೇ ಹೆನೆರಲೀಫೆ ತೋಟದ ನಡುವೆ ಹಾದು ಬರುತ್ತೆ. ಪಂಪ್ ಇಲ್ಲ, ಇಳಿಜಾರೊಂದೇ. ಅಮ್ಮನಿಗೆ ಅರಮನೆ ಒಳಗೆ ನೆಲ ನೋಡೋಕೆ ಹೇಳಿ, ಎಲ್ಲರೂ ಮಾಡು ನೋಡ್ತಾ ನೆಲ ಮರೀತಾರೆ.

ತುಂಗಾತೀರ
ಎಷ್ಟು ಪ್ರೀತಿಯಿಂದ ಬರೆದಿದ್ದೀರಿ ಎಲ್ಲರೂ! ಏಪ್ರಿಲ್ ಮೂರನೇ ವಾರ, ಬೆಳಗ್ಗೆ 8:30ರ ಟಿಕೆಟ್ ಸಿಕ್ತು. ಅಪ್ಪನ ಪಾಸ್‌ಪೋರ್ಟ್‌ನಲ್ಲೂ ಒಂದೇ ಹೆಸರು, ರಾಗಿಮುದ್ದೆ ಅವರು ಹೇಳಿದ ಹಾಗೆ ಮಾಡಿದೆ. ಹೋಗಿ ಬಂದು ಬರೀತೀನಿ.

ತುಂಗಾತೀರ
ಮೇ ತಿಂಗಳಾಯ್ತು, ಹೇಳಿದ ಮಾತು ಉಳಿಸ್ಕೊಳ್ತಿದ್ದೀನಿ.

ಸಿ30 ಹತ್ತಿ ನ್ಯಾಯದ ಬಾಗಿಲಿಂದ ಹೋದ್ವಿ. ಹೋದ ಸಲ ವಾಪಸ್ ಕಳಿಸಿದ ಅದೇ ಬಾಗಿಲಲ್ಲಿ ಸ್ಕ್ಯಾನರ್ ಹಸಿರು ತೋರಿಸಿದಾಗ ಅಮ್ಮ ನನ್ನ ಕೈ ಹಿಡ್ಕೊಂಡ್ರು. ನಮ್ಮ ಹಿಂದೆ ಬಂದವರೆಲ್ಲ ಮುಂದೆ ಹೋಗೋಕೆ ಬಿಟ್ಟು ನಿಧಾನ ನಡೆದ್ವಿ. ಅಪ್ಪ ಕಂಬಗಳ ತಲೆ ನೋಡ್ತಾ ಸೀಸದ ಹಾಳೆ ಹುಡುಕಿದ್ರು, ಸಿಕ್ತು. ತೆಳ್ಳಗೆ, ಬೂದುಬಣ್ಣದ ಗೆರೆ, ಹೇಳದಿದ್ರೆ ಕಾಣೋದೇ ಇಲ್ಲ.

ಅಮ್ಮನಿಗೆ ಹಿಡಿಸಿದ್ದು ಬೇರೆ. ಇಬ್ಬರು ಸೋದರಿಯರ ಪಡಸಾಲೆ ಅಂತ ಇದೆಯಲ್ಲ, ಮೇಲೆ ಐದು ಸಾವಿರಕ್ಕೂ ಹೆಚ್ಚು ಗೂಡುಗಳ ಜೇನುತಟ್ಟಿನಂಥ ಮಾಡು. ಎಲ್ಲರ ಕತ್ತೂ ಮೇಲೆ. ಅಮ್ಮ ಮಾತ್ರ ನೆಲ ನೋಡ್ತಿದ್ರು. ನೆಲದ ನಡುವೆ ತಟ್ಟೆಯಷ್ಟು ಪುಟ್ಟ ಕಾರಂಜಿ, ಅದರಿಂದ ಅಮೃತಶಿಲೆಯಲ್ಲಿ ಕೊರೆದ ಸಣ್ಣ ಕಾಲುವೆ, ಹೊಸ್ತಿಲು ಇಳಿದು ಅಂಗಳದ ಸಿಂಹಗಳವರೆಗೂ. ನಾಲ್ಕು ದಿಕ್ಕಿಂದಲೂ ಹಾಗೇ ಬಂದು ಸೇರುತ್ತೆ. "ಆ ಕಾಲದಲ್ಲಿ ಪಂಪ್ ಇಲ್ದೇ ತಂದ್ರಾ?" ಅಂತ ಕೇಳಿದ್ರು. ಹೊಳೆ, ಕಟ್ಟೆ, ಕಾಲುವೆ ಕಥೆ ಹೇಳಿದೆ. "ಹಾಗಾದ್ರೆ ಇದು ಅಬ್ಬಿ ನೀರು ಕಣೇ" ಅಂದ್ರು. ನಮ್ಮನೇಲಿ ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ನೀರು ಬಚ್ಚಲವರೆಗೂ ಬರ್ತಿತ್ತು, ಅಜ್ಜ ಪ್ರತಿ ಮಳೆಗಾಲ ಮುಗಿದ ಮೇಲೆ ದಬ್ಬೆ ಬದಲಾಯಿಸ್ತಿದ್ರು. ಎಲ್ಲಿ ಎಷ್ಟು ಓರೆ ಕೊಡ್ಬೇಕು ಅಂತ ಅಜ್ಜ ಹೇಳ್ತಿದ್ದನ್ನೆಲ್ಲ ಅಮ್ಮ ಅಲ್ಲೇ ನಿಂತು ಹೇಳಿದ್ರು. ಅಷ್ಟು ವಿವರ ನಾನು ಇದುವರೆಗೂ ಕೇಳಿರ್ಲಿಲ್ಲ.

ಒಳಗೆ ಎರಡೂಕಾಲು ಗಂಟೆ ಇದ್ವಿ. ತೋಟಕ್ಕೆ ನಾನೊಬ್ಬಳೇ ಹೋಗಿ ಬಂದೆ. ಅವರಿಬ್ಬರೂ ಚಾರ್ಲ್ಸ್ ಅರಮನೆಯ ಜಗಲಿ ಮೇಲೆ ಕಿತ್ತಳೆ ಸುಲೀತಾ ಕೂತಿದ್ರು.

ಸಹ್ಯಾದ್ರಿ_44
ಓದಿ ಸಂತೋಷ ಆಯ್ತು. ನಾನು ನೆಲ ನೋಡಿರ್ಲೇ ಇಲ್ಲ. ಚಳಿಗಾಲದಲ್ಲಿ ಇನ್ನೊಮ್ಮೆ ಹೋಗೋಣ ಅನ್ನಿಸ್ತಿದೆ, ಡಿಸೆಂಬರ್ ಕೊನೆ ವಾರ ತೆರೆದಿರುತ್ತಾ?

ಬಿಳಿಗಿರಿ
ಡಿಸೆಂಬರ್ 25, ಜನವರಿ 1 ಎರಡು ದಿನ ರಜೆ, ಉಳಿದಂತೆ ಇರುತ್ತೆ. ಹಿಂದೆ ಸಿಯೆರ್ರಾ ನೆವಾಡಾ ಬೆಟ್ಟಸಾಲಿನ ಮೇಲೆ ಹಿಮ ಬಿದ್ದಿರುತ್ತೆ. ಸಂಜೆ ಎದುರು ಗುಡ್ಡದ ಸಾನ್ ನಿಕೊಲಾಸ್ ಕಟ್ಟೆಯಿಂದ ನೋಡಿ. ಟಿಕೆಟ್ ಈಗಲೇ ಮಾಡ್ಸಿ.